ಕೋನದ ಕಾಲಂ ಮತ್ತು ಎರಡು ಕೆಂಪಕ್ಷರ

ಹೋದ ತಿಂಗಳು ಚಿಕ್ಕೋಡಿಯಲ್ಲಿ, ಸರ್ವೆ ಕೆಲಸಕ್ಕೆ ಹೊಸದಾಗಿ ಸೇರಿದವರಿಗೆ ತರಬೇತಿ ನಡೆಯಿತು. ನಿವೃತ್ತರಲ್ಲಿ ಇನ್ನೂ ಸ್ವಂತ ಕಾಲ ಮೇಲೆ ಓಡಾಡುವವನು ನಾನೊಬ್ಬನೇ ಇರಬೇಕು. ನನ್ನನ್ನು ಕರೆಸಿ, ಹಿಂದಿನ ಸಾಲಿನಲ್ಲಿ ಕೂರಿಸಿ, ಕೊನೆಗೆ ಅನುಭವದ ನಾಲ್ಕು ಮಾತು ಹೇಳಿ ಎಂದರು. ಮುಂದೆ ಪರದೆಯ ಮೇಲೆ ಸಾಗರ ಎಂಬ ತರುಣ ಪೈಥಾನ್ ಕಲಿಸುತ್ತಿದ್ದ. ಎರಡು ಕಾಲಂ ಅಂಕಿಗಳಿದ್ದವು. ಒಂದು, ಗೆರೆ ಪೂರ್ವಕ್ಕೆ ಎಷ್ಟು ಸರಿಯಿತು ಎಂಬುದು. ಇನ್ನೊಂದು, ಉತ್ತರಕ್ಕೆ ಎಷ್ಟು ಸರಿಯಿತು ಎಂಬುದು. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ, ಆರ್ಕ್‌ಟ್ಯಾನ್ ಎಂದು ಒಂದೇ ಸಾಲು ಬರೆದ. ಕಣ್ಣು ಮಿಟುಕಿಸುವಷ್ಟರಲ್ಲಿ ನೂರಾರು ಸಾಲುಗಳ ಕೋನದ ಕಾಲಂ ತುಂಬಿ ನಿಂತಿತು.

ನನಗೆ ಹೊಟ್ಟೆ ಉರಿಯಿತು. ಸುಳ್ಳೇಕೆ ಹೇಳಲಿ? ಆ ಕಾಲಂ ಒಂದನ್ನು ತುಂಬುವುದರಲ್ಲೇ ನನ್ನ ಅರ್ಧ ಆಯುಷ್ಯ ಹೋಗಿದೆ.

ಉರಿದ ಹೊಟ್ಟೆಯಿಂದಲೇ ಆ ಕಾಲಂ ಮೇಲೆ ಕಣ್ಣಾಡಿಸಿದೆ. ಒಂದು ಸಾಲಿನಲ್ಲಿ ಎರಡೂ ಅಂಕಿಗಳಿಗೆ ಮೈನಸ್ ಇತ್ತು, ಅಂದರೆ ಗೆರೆ ಪಶ್ಚಿಮಕ್ಕೂ ದಕ್ಷಿಣಕ್ಕೂ ಸರಿದಿತ್ತು. ಕೋನ ಮಾತ್ರ ಪ್ಲಸ್ ಬಂದಿತ್ತು. ಕೂತಲ್ಲಿಂದಲೇ ಕೇಳಿದೆ, "ಸಾಗರ, ಆ ಹನ್ನೊಂದನೇ ಸಾಲಿನಾಂವ ಮಾರಿ ಯಾ ಕಡೆ ಮಾಡಿ ನಿಂತಾನಪಾ?"

ಹುಡುಗ ಚುರುಕು, ಕೂಡಲೇ ಹಿಡಿದ. "ಹೌದ್ರಿ ಸರ್, ಭಾಗಿಸಿದ ಕೂಡಲೇ ಮೈನಸ್ಸು ಮೈನಸ್ಸು ಹೊಡಕೊಂಡ ಹೋಗ್ತಾವ. ಅದಕ್ಕ ಬ್ಯಾರೆ ಫಂಕ್ಷನ್ ಐತ್ರಿ, ಆರ್ಕ್‌ಟ್ಯಾನ್ ಟೂ ಅಂತ. ಅದು ಎರಡೂ ಕಾಲಂ ಬ್ಯಾರೆ ಬ್ಯಾರೆ ಕೇಳ್ತೈತಿ" ಎಂದ. ಪೂರ್ವ ಮೊದಲು, ಉತ್ತರ ಆಮೇಲೆ ಕೊಟ್ಟ. ರೇಡಿಯನ್‌ನಿಂದ ಡಿಗ್ರಿ ಮಾಡಿದ. ಮೈನಸ್ ಬಂದ ಕಡೆ ಮುನ್ನೂರರವತ್ತು ಕೂಡಿಸಿದ. ಕಾಲಂ ಸರಿಯಾಯಿತು. ಕೂತವರೆಲ್ಲ ತಲೆ ಅಲ್ಲಾಡಿಸಿ ಬರೆದುಕೊಂಡರು.

ಆ ದಿನ ನನ್ನ ನಾಲ್ಕು ಮಾತು ನೆಟ್ಟಗೆ ಬರಲಿಲ್ಲ. ಬಾಯಿಗೆ ಬಂದದ್ದನ್ನು ನುಂಗಿ, ಶಿಸ್ತು, ಸಮಯಪಾಲನೆ ಎಂದೇನೋ ಹೇಳಿ ಕೂತೆ. ಅವತ್ತು ನುಂಗಿದ್ದನ್ನು ಈಗ ಬರೆಯುತ್ತಿದ್ದೇನೆ. ಹೊಸಬರು ಓದಲಿ. ಬಡ್ತಿ, ಸನ್ಮಾನ, ಶಾಲು ಇವೆಲ್ಲ ಇದರಲ್ಲಿಲ್ಲ. ಆ ಒಂದು ಕಾಲಂ ನನ್ನ ಕೈ ತಪ್ಪಿದ್ದು ಹೇಗೆ, ಅದನ್ನು ಮರಳಿ ಪಡೆಯಲು ನಾನು ಏನು ಮಾಡಿದೆ ಎಂಬುದಷ್ಟೇ ಇದೆ.

ನಾನು ಕಬ್ಬೂರಿನವನು. ಎಂಬತ್ತರ ದಶಕದ ಆರಂಭದಲ್ಲಿ ಚಿಕ್ಕೋಡಿಯ ಕಾಲುವೆ ಸರ್ವೆ ಕಚೇರಿಗೆ ಲೆಕ್ಕ ಹಾಕುವವನಾಗಿ ಸೇರಿದೆ. ಹೊಲದಲ್ಲಿ ಸರ್ವೆಯವರು ಸರಪಳಿ ಹಿಡಿದು ಅಳೆದು ತಂದದ್ದನ್ನು ಕಚೇರಿಯಲ್ಲಿ ಕೂತು ಕಾಲಂ ಕಾಲಂ ಮಾಡಿ ತುಂಬುವುದು ನನ್ನ ಕೆಲಸ. ಹಳೆಯ ಕಡತಗಳಲ್ಲಿ ನನ್ನಂಥವರ ಹುದ್ದೆಯನ್ನೇ ಕಂಪ್ಯೂಟರ್ ಎಂದು ಬರೆದಿರುತ್ತಿದ್ದರು. ಪೂರ್ವವನ್ನು ಉತ್ತರದಿಂದ ಭಾಗಿಸಬೇಕು, ಬಂದ ಭಾಗಲಬ್ಧವನ್ನು ಟ್ಯಾನ್ ಕೋಷ್ಟಕದಲ್ಲಿ ಹುಡುಕಬೇಕು, ಅದು ಸಿಕ್ಕ ಸಾಲಿನಿಂದ ಹಿಂದಕ್ಕೆ ಬಂದು ಕೋನ ಓದಬೇಕು. ಆ ಕೋನವನ್ನು ಕಾಗದದ ಮೇಲೆ ಬರೆದು ಕೊಟ್ಟರೆ ಹೊಲದವರು ಅದೇ ದಿಕ್ಕಿಗೆ ಕಲ್ಲು ನೆಡುತ್ತಿದ್ದರು.

ನನಗೆ ಕಲಿಸಿದವರು ನಿಪ್ಪಾಣಿಯ ಹುಸೇನಸಾಬ. ಆಗಲೇ ಐವತ್ತು ದಾಟಿದ್ದರು, ಬಾಯಲ್ಲಿ ಯಾವಾಗಲೂ ಒಂದು ಲವಂಗ. ಅವರ ಪಾಠ ಎರಡೇ. ಭಾಗಾಕಾರಕ್ಕೆ ಕೈ ಹಚ್ಚುವ ಮೊದಲೇ ಪ್ರತಿ ಸಾಲಿನ ಅಂಚಿಗೆ ಕೆಂಪು ಪೆನ್ಸಿಲ್‌ನಿಂದ ಎರಡು ಅಕ್ಷರ ಬರೆಯಬೇಕು. ಗೆರೆ ಉತ್ತರ-ಪೂರ್ವಕ್ಕೆ ಹೋದರೆ ಉ ಪೂ, ದಕ್ಷಿಣ-ಪಶ್ಚಿಮಕ್ಕೆ ಹೋದರೆ ದ ಪ. ಕೋನ ಸಿಕ್ಕ ಮೇಲೆ, ಬರೆಯುವ ಮೊದಲು, ಕುರ್ಚಿ ಬಿಟ್ಟು ಎದ್ದು ಆ ದಿಕ್ಕಿಗೆ ಮುಖ ಮಾಡಿ ನಿಲ್ಲಬೇಕು.

"ಕೋಷ್ಟಕಕ್ಕ ದಿಕ್ಕ ಗೊತ್ತಿಲ್ಲೋ ಬಾಬಾ. ಅದು ಅರ್ಧಾ ಮಾತ ಹೇಳ್ತೈತಿ. ಉಳದರ್ಧ ನಿನ್ನ ಹೊಟ್ಟಿ ಹೇಳಬೇಕು. ಹೊಟ್ಟಿ ತಿರಗಸು. ಮಾರಿ ಯಾ ಕಡೆ ಆತು?"

"ತೆಂಕ-ಪಡುವಣ ಆತ್ರಿ."

"ಈಗ ಬರಿ."

ದಿನಕ್ಕೆ ನಲವತ್ತು ಐವತ್ತು ಸಲ ಹೀಗೆ ಎದ್ದು ತಿರುಗುತ್ತಿದ್ದೆ. ಅಂಚೆ ಕೊಡಲು ಬಂದವರು ನನ್ನನ್ನು ನೋಡಿ, ಈತನಿಗೆ ಏನಾದರೂ ಆಗಿದೆಯೇ ಎಂದು ಪಿಸುಗುಡುತ್ತಿದ್ದರು. ನಾಚಿಕೆಯಾಗುತ್ತಿತ್ತು, ಆದರೂ ಬಿಡಲಿಲ್ಲ. ಮೂರು ವರ್ಷದಲ್ಲಿ ಕೋಷ್ಟಕ ಬಾಯಿಪಾಠವಾಯಿತು. ನಮ್ಮ ಮೇಲಧಿಕಾರಿ ದೇಸಾಯಿ ಸಾಹೇಬರಿಗೆ ಅದೊಂದು ಮೋಜು. ಹೊರಗಿನ ಅಧಿಕಾರಿಗಳು ಬಂದರೆ ನನ್ನನ್ನು ಕರೆದು ನಿಲ್ಲಿಸಿ, "ದುಂಡಪ್ಪ, ಪಾಯಿಂಟ್ ಆರು?" ಎನ್ನುತ್ತಿದ್ದರು. "ಮೂವತ್ತು ಡಿಗ್ರಿ ಐವತ್ತೆಂಟು ಮಿನಿಟ್ರಿ" ಎನ್ನುತ್ತಿದ್ದೆ. "ಪಾಯಿಂಟ್ ಏಳು ಐದು?" "ಮೂವತ್ತಾರು, ಐವತ್ತೆರಡ್ರಿ." ಬಂದವರು ಕೋಷ್ಟಕ ತೆಗೆದು ನೋಡಿ ಹುಬ್ಬೇರಿಸುತ್ತಿದ್ದರು. ಸಾಹೇಬರು ತಾವೇ ನನ್ನನ್ನು ಹೆತ್ತವರಂತೆ ನಗುತ್ತಿದ್ದರು. ಟ್ಯಾನ್ ದುಂಡಪ್ಪ ಎಂದು ಅಥಣಿಯ ಕಚೇರಿಯವರೆಗೂ ಹೆಸರು ಹೋಯಿತು. ಆ ಹೆಸರು ನನಗೆ ಸಂಬಳಕ್ಕಿಂತ ಹೆಚ್ಚಿನದಾಗಿತ್ತು.

ನನ್ನದೂ ಒಂದು ದೊಡ್ಡ ತಪ್ಪು ಆಗಿದೆ, ಅದನ್ನೂ ಹೇಳಬೇಕು. ಮುಗಳಖೋಡದ ಕಡೆಯ ಒಂದು ಕೆಲಸದಲ್ಲಿ ಅವಸರಕ್ಕೆ ಬಿದ್ದು ಪೂರ್ವವನ್ನು ಉತ್ತರದಿಂದ ಭಾಗಿಸುವ ಬದಲು ಉತ್ತರವನ್ನು ಪೂರ್ವದಿಂದ ಭಾಗಿಸಿದೆ. ಇಪ್ಪತ್ತೊಂದು ಡಿಗ್ರಿ ನಲವತ್ತೆಂಟು ಮಿನಿಟು ಇರಬೇಕಾದ ಕಡೆ ಅರವತ್ತೆಂಟು ಡಿಗ್ರಿ ಹನ್ನೆರಡು ಮಿನಿಟು ಬರೆದೆ. ಕಾಗದ ಶನಿವಾರ ಹೊಲದವರ ಕೈಗೆ ಹೋಯಿತು. ಭಾನುವಾರ ಬೆಳಿಗ್ಗೆ ಕಬ್ಬೂರಿನ ನಮ್ಮ ಮನೆಯ ಮುಂದೆ ಹುಸೇನಸಾಬರು ಸೈಕಲ್ಲಿನಿಂದ ಇಳಿದರು. ಚಿಕ್ಕೋಡಿಯಿಂದ ಅಷ್ಟು ದೂರ ತುಳಿದುಕೊಂಡು ಬಂದು ಅಂಗಿಯೆಲ್ಲ ಒದ್ದೆ.

"ದುಂಡಪ್ಪ, ನಿನ್ನ ಕಾಗದದಾಗ ಕಾಲಂ ಅದಲಾಬದಲಾಗ್ಯಾವ. ಈಗ ಬಾ, ಇಬ್ಬರೂ ಮುಗಳಖೋಡಕ್ಕ ಹೋಗಿ ತಿದ್ದಿ ಬರೂಣು. ನಾಳೆ ಕಲ್ಲ ನೆಡತಾರ."

ಬಸ್ಸು ಹಿಡಿದು ಹೋಗಿ ತಿದ್ದಿ ಬಂದೆವು. ಸೋಮವಾರ ಸಾಹೇಬರ ಮುಂದೆ ಅವರು ಇದರ ಸೊಲ್ಲೆತ್ತಲಿಲ್ಲ. ದಾರಿಯುದ್ದಕ್ಕೂ ನನ್ನನ್ನು ಬೈದಿದ್ದರು, ಅಷ್ಟೇ. ಆ ಭಾನುವಾರವನ್ನು ದಯವಿಟ್ಟು ನೆನಪಿಡಿ, ಯಾಕೆಂದರೆ ನಾನು ಅದನ್ನು ಮರೆತೆ.

ಹುಸೇನಸಾಬರು ನಿವೃತ್ತರಾದ ವರ್ಷವೇ ಸುಮತಿ ಬಂದಳು. ನಿಪ್ಪಾಣಿಯವಳು, ಡಿಪ್ಲೊಮಾ ಮುಗಿಸಿದವಳು, ಇಪ್ಪತ್ತಮೂರರ ಆಸುಪಾಸು. ಕನ್ನಡ ಮಾತಾಡುತ್ತ ಮಾತಾಡುತ್ತ ಮರಾಠಿಗೆ ಜಾರಿ ಮತ್ತೆ ಕನ್ನಡಕ್ಕೆ ಬರುತ್ತಿದ್ದಳು. ಅವಳ ಚೀಲದಲ್ಲಿ ಅಣ್ಣ ಕೊಲ್ಹಾಪುರದಿಂದ ತಂದುಕೊಟ್ಟ ಒಂದು ಕ್ಯಾಲ್ಕುಲೇಟರ್ ಇತ್ತು. ಸಾಬೂನಿನ ಡಬ್ಬಿಗಿಂತ ಸ್ವಲ್ಪ ದೊಡ್ಡದು. ಅದರಲ್ಲಿ ಟ್ಯಾನ್ ಎಂಬ ಗುಂಡಿಯ ಮೇಲೆ ಸಣ್ಣದಾಗಿ ಮೈನಸ್ ಒಂದು ಎಂದು ಬರೆದಿತ್ತು. ಅದನ್ನು ಒತ್ತಿದರೆ ನನ್ನ ಮೂರು ವರ್ಷದ ಬಾಯಿಪಾಠ ಗಾಜಿನ ಮೇಲೆ ಮೂಡುತ್ತಿತ್ತು.

ಒಂದು ಶನಿವಾರ ಮಧ್ಯಾಹ್ನ ಸಾಹೇಬರಿಗೆ ಬೇರೆ ಕೆಲಸವಿರಲಿಲ್ಲ. ನಮ್ಮಿಬ್ಬರಿಗೂ ಇಪ್ಪತ್ತು ಸಾಲುಗಳ ಒಂದೊಂದು ಹಾಳೆ ಕೊಟ್ಟು ಪಂದ್ಯ ಹಚ್ಚಿದರು. ಕಚೇರಿಯವರೆಲ್ಲ ಸುತ್ತ ನಿಂತರು. ನಾನು ಕೆಂಪು ಅಕ್ಷರ ಬರೆದು, ಭಾಗಿಸಿ, ಎದ್ದು ತಿರುಗಿ, ಕೂತು ಬರೆಯುತ್ತ ಹನ್ನೊಂದನೆಯ ಸಾಲಿಗೆ ಬರುವಷ್ಟರಲ್ಲಿ ಅವಳು ಪೆನ್ನು ಕೆಳಗಿಟ್ಟಳು. ದಿಕ್ಕುಗಳನ್ನು ನಕ್ಷೆ ನೋಡಿ ಸರಿಯಾಗಿಯೇ ಬರೆದಿದ್ದಳು. ಒಂದೂ ತಪ್ಪಿರಲಿಲ್ಲ.

ಸಾಹೇಬರು ಮೇಜು ಕುಟ್ಟಿ ನಕ್ಕರು. "ದುಂಡಪ್ಪ, ನಿನ್ನ ಟ್ಯಾನ್ ಕಥಿ ಮುಗೀತಲೇ!"

ಎಲ್ಲರೂ ನಕ್ಕರು. ಸುಮತಿ ಮಾತ್ರ ನಗಲಿಲ್ಲ. "ಅವರು ತೋಂಡೀ ಮಾಡ್ತಾರ್ರಿ ಸಾಹೇಬ, ನಾ ಗುಂಡಿ ಒತ್ತೀನಿ. ಅವರದ ದೊಡ್ಡದು" ಎಂದಳು. ಬಾಯಿಲೆಕ್ಕವೇ ದೊಡ್ಡದು ಎಂದು ನನ್ನ ಪರವಾಗಿಯೇ ಅಂದದ್ದು. ಅದು ಇನ್ನಷ್ಟು ಚುಚ್ಚಿತು. ಸೋತವನಿಗೆ ಗೆದ್ದವರು ಕೊಡುವ ಸಮಾಧಾನ ಯಾರಿಗೆ ಬೇಕು?

ಅಂದಿನಿಂದ ನನ್ನ ಕಣ್ಣು ಅವಳ ಮೇಲೇ. ಅವಳಿಗೆ ಕಿಟಕಿಯ ಪಕ್ಕದ ಮೇಜು ಸಿಕ್ಕಿತು, ನನ್ನದು ಕಪಾಟಿನ ನೆರಳಿನಲ್ಲಿತ್ತು. ಚಹಾ ಬಂದರೆ ಮೊದಲು ಯಾರ ಮೇಜಿಗೆ ಹೋಗುತ್ತದೆ ಎಂದು ನೋಡುತ್ತಿದ್ದೆ. ಹೊರಗಿನವರು ಬಂದಾಗ ಸಾಹೇಬರು "ಪಾಯಿಂಟ್ ಆರು?" ಎಂದು ಕೇಳುವುದು ನಿಂತು, "ನಮ್ಮ ಸುಮತಿಬಾಯಿ ನೋಡ್ರಿ" ಎನ್ನುವುದು ಶುರುವಾಯಿತು. ಮನೆಯಲ್ಲಿ ಹೆಂಡತಿ, "ಆ ಹೆಂಗಸಿನ ಹೆಸರಿಲ್ಲದ ನಿಮಗ ಊಟಾನ ಇಳಿಯೂದಿಲ್ಲೇನು?" ಎಂದು ಒಮ್ಮೆ ಕೇಳಿಯೇಬಿಟ್ಟಳು. ನಾನು ದಿನವೂ ಅವಳ ತಪ್ಪುಗಳನ್ನೇ ಹೇಳುತ್ತಿದ್ದೆ. ತಪ್ಪುಗಳೋ, ಇರಲೇ ಇಲ್ಲ.

ತೊಂಬತ್ತರ ದಶಕ ಶುರುವಾಗಿ ಕೆಲ ವರ್ಷಕ್ಕೆ ಕಚೇರಿಗೆ ಯಂತ್ರದ ಕಂಪ್ಯೂಟರ್ ಬಂತು. ಅದಕ್ಕೆ ಒಂದು ಕೋಣೆ ಖಾಲಿ ಮಾಡಿ, ಪರದೆ ಕಟ್ಟಿ, ಚಪ್ಪಲಿ ಹೊರಗೆ ಬಿಡಬೇಕೆಂದು ಬೋರ್ಡು ಹಾಕಿದರು. ಬೆಳಗಾವಿಗೆ ತರಬೇತಿಗೆ ಒಬ್ಬರನ್ನು ಕಳಿಸಬೇಕಿತ್ತು. ನಾನು ಸಾಹೇಬರ ಕೋಣೆಗೆ ಹೋಗಿ ನಿಂತೆ, ಹಿರಿಯನು ನಾನಲ್ಲವೇ ಎಂದೆ.

"ನೀ ಯಾಕಪಾ? ನೀನ ಒಂದು ಕಂಪ್ಯೂಟರ್ ಅದಿ" ಎಂದು ಬೆನ್ನು ತಟ್ಟಿ ಕಳಿಸಿದರು. ಸುಮತಿ ಹೋದಳು.

ತಿರುಗಿ ಬಂದವಳು ಬೇಸಿಕ್ ಎಂಬ ಭಾಷೆಯಲ್ಲಿ ಒಂದು ಪ್ರೋಗ್ರಾಂ ಬರೆದಳು. ಪೂರ್ವ, ಉತ್ತರ ಎರಡು ಕಾಲಂ ಒಳಗೆ ಕೊಟ್ಟರೆ ಕೋನದ ಕಾಲಂ ಹೊರಗೆ ಬರಬೇಕು. ಆ ಭಾಷೆಯಲ್ಲಿದ್ದದ್ದು ಸಾಗರ ಮೊದಲು ಬರೆದನಲ್ಲ, ಅಂಥದೇ ಫಂಕ್ಷನ್. ಒಂದೇ ಅಂಕಿ ತೆಗೆದುಕೊಳ್ಳುತ್ತದೆ, ದಿಕ್ಕು ಕೇಳುವುದಿಲ್ಲ. ದಿಕ್ಕನ್ನು ನಾವೇ ಬೇರೆ ಸಾಲು ಬರೆದು ಸೇರಿಸಬೇಕು. ಅವಳು ಭೋಜದ ಹಳೆಯ ಸರ್ವೆಯ ಅಂಕಿಗಳನ್ನು ಹಾಕಿ ಪರೀಕ್ಷೆ ಮಾಡಿದಳು. ಭೋಜದ ಗೆರೆಗಳೆಲ್ಲ ಉತ್ತರಕ್ಕೇ ಹೋಗುವಂಥವು. ಎಲ್ಲವೂ ನನ್ನ ಹಳೆಯ ಲೆಕ್ಕಕ್ಕೆ ಕೂದಲಷ್ಟೂ ತಪ್ಪದೆ ಹೊಂದಿದವು. ದಕ್ಷಿಣಕ್ಕೆ ಹೋಗುವ ಗೆರೆಗೆ ಬೇಕಾದ ಸಾಲನ್ನು ಅವಳು ಇನ್ನೂ ಬರೆದಿರಲಿಲ್ಲ. ಬರೆಯಬೇಕೆಂದು ಅವಳಿಗೆ ಗೊತ್ತಿತ್ತು. ಎರಡು ದಿನ ಕೊಡಿ ಎಂದು ಸಾಹೇಬರನ್ನು ಕೇಳಿದ್ದನ್ನು ನಾನೇ ಕೇಳಿಸಿಕೊಂಡಿದ್ದೇನೆ. ಸಾಹೇಬರಿಗೆ ತಾಳ್ಮೆ ಎಲ್ಲಿ? ಕಾಗವಾಡದ ಕಡೆಯ ಕಾಲುವೆಯ ಅಂಕಿಗಳು ಬಂದು ಬಿದ್ದಿದ್ದವು. "ಭೋಜದ್ದು ಬಂತಲ್ಲಾ, ಇದೂ ಬರ್ತೈತಿ, ಹೊಡಿ" ಎಂದರು.

ಪ್ರಿಂಟರ್ ಕರಕರ ಎಂದು ಹಲ್ಲು ಕಡಿಯುತ್ತ ಎರಡು ಪ್ರತಿ ಉಗುಳಿತು. ಒಂದು ಹೊಲದವರಿಗೆ, ಒಂದು ಕಡತಕ್ಕೆ. ಹಿಂದೆಲ್ಲ ಹೊಲಕ್ಕೆ ಹೋಗುವ ಪ್ರತಿ ಕಾಗದದ ಮೇಲೆ ನನ್ನ ತಪಾಸಣೆಯ ಸಹಿ ಬೀಳಬೇಕಿತ್ತು. ನಾನು ಪೆನ್ನು ತೆಗೆದೆ.

"ಮಷಿನ್ ಮಾಡಿದ್ದಕ್ಕ ತಪಾಸಣಿ ಏನೋ ದುಂಡಪ್ಪ? ಫೈಲಿಗೆ ಹೊಲಿದ ಇಡು ಸಾಕು" ಎಂದರು ಸಾಹೇಬರು, ಎಲ್ಲರೂ ಕೇಳುವಂತೆ.

ಸೂಜಿ ದಾರ ಹಿಡಿದು ನನ್ನ ಮೇಜಿಗೆ ಬಂದು ಕೂತೆ. ಕಣ್ಣು ತಾನಾಗಿಯೇ ಸಾಲುಗಳ ಮೇಲೆ ಇಳಿಯಿತು. ಬಹುತೇಕ ಗೆರೆಗಳು ಉತ್ತರಕ್ಕೆ ಹೋಗುವಂಥವೇ. ಕೊನೆಯ ಹತ್ತಿರ ಒಂದು ಹೊಲಗಾಲುವೆಯ ಸಾಲು ಬಂತು. ಪೂರ್ವ ಮೈನಸ್ ನಲವತ್ತೆಂಟು, ಉತ್ತರ ಮೈನಸ್ ಎಂಬತ್ತು. ಕೋನ ಮೂವತ್ತು ಡಿಗ್ರಿ ಐವತ್ತೆಂಟು ಮಿನಿಟು. ಅಂದರೆ ಪಾಯಿಂಟ್ ಆರು! ಸಾಹೇಬರು ನನ್ನನ್ನು ಮೆರೆಸುತ್ತಿದ್ದ ಅದೇ ಅಂಕಿ, ಅದೇ ಕೋನ. ಆದರೆ ಇರಬೇಕಾದದ್ದು ಇನ್ನೂರ ಹತ್ತು ಡಿಗ್ರಿ ಐವತ್ತೆಂಟು ಮಿನಿಟು. ದಕ್ಷಿಣ-ಪಶ್ಚಿಮಕ್ಕೆ ಹೋಗಬೇಕಾದ ಕಾಲುವೆಯನ್ನು ಯಂತ್ರ ನೇರ ವಿರುದ್ಧಕ್ಕೆ, ಉತ್ತರ-ಪೂರ್ವಕ್ಕೆ ಕಳಿಸಿತ್ತು. ಅದು ಕೊನೆಯ ಕವಲು, ಮುಂದೆ ಬೇರೆ ಗೆರೆ ಕೂಡುವುದಿಲ್ಲ, ಆದ್ದರಿಂದ ಹೊಲದಲ್ಲೂ ತಾಳೆ ನೋಡಿ ತಪ್ಪು ಹಿಡಿಯುವಂತಿರಲಿಲ್ಲ.

ನನ್ನ ಮೈಯಲ್ಲಿ ಒಂದು ಸಂತೋಷ ಹರಿಯಿತು. ಅದನ್ನು ಬೇರೆ ಹೆಸರಿನಿಂದ ಕರೆಯಲಾರೆ. ಪಕ್ಕದಲ್ಲಿ, ಕಿಟಕಿಯ ಬೆಳಕಿನಲ್ಲಿ ಸುಮತಿ ಇದ್ದಳು. ಎದ್ದು ನಾಲ್ಕು ಹೆಜ್ಜೆ ಹೋಗಿ ಹೇಳಿದ್ದರೆ ಐದು ನಿಮಿಷದಲ್ಲಿ ತಿದ್ದುತ್ತಿದ್ದಳು. ಹೊಲದವರು ಇನ್ನೂ ಹೊರಟಿರಲಿಲ್ಲ. ನಾನು ಕಾಗದ ಹೊಲಿದು ಕಡತದಲ್ಲಿಟ್ಟೆ. ತಪಾಸಣೆ ಬೇಡ ಎಂದಿದ್ದಾರಲ್ಲ ಎಂದುಕೊಂಡೆ. ಕಲ್ಲು ನೆಡಲಿ, ಸೋಮವಾರ ಸಾಹೇಬರು ಸ್ಥಳ ನೋಡಲು ಹೋದಾಗ ಎಲ್ಲರೆದುರು ನಾನು ನಿಂತು, ಹೊಟ್ಟೆ ತಿರುಗಿಸಿ, ಮಾರಿ ಯಾ ಕಡೆ ಎಂದು ಕೇಳುತ್ತೇನೆ ಎಂದು ಲೆಕ್ಕ ಹಾಕಿದೆ. ನಾಲ್ಕು ದಿನ ಆ ಮಾತನ್ನು ಮನಸ್ಸಿನಲ್ಲೇ ತಾಲೀಮು ಮಾಡಿದೆ. ಅಷ್ಟು ಖುಷಿಯಿಂದ ನಾನು ಉಂಡು ಬಹಳ ದಿನವಾಗಿತ್ತು.

ಕಲ್ಲು ತಪ್ಪಾಗಿ ಬಿದ್ದರೆ ಕಿತ್ತು ನೆಟ್ಟರಾಯಿತು, ಯಾರಿಗೆ ಏನು ನಷ್ಟ? ಹೀಗೆಂದು ಕಚೇರಿಯಲ್ಲಿ ಕೂತವನಿಗೆ ಅನ್ನಿಸುವುದು ಸಹಜ. ನನ್ನ ಲೆಕ್ಕದಲ್ಲಿ ಮನುಷ್ಯರು ಇರಲಿಲ್ಲ.

ಸೋಮವಾರ ಜೀಪಿನಲ್ಲಿ ಸಾಹೇಬರು, ಸುಮತಿ, ನಾನು, ಮಟ್ಟ ನೋಡುವ ರಾಮು ಕಾಗವಾಡದ ಕಡೆ ಹೋದೆವು. ಥಂಡಿಯ ದಿನಗಳು. ಆ ಕವಲಿನ ಉತ್ತರ-ಪೂರ್ವಕ್ಕೆ ಭರಮಣ್ಣ ಎಂಬ ರೈತನ ದ್ರಾಕ್ಷಿ ತೋಟವಿತ್ತು. ನಾವು ಇಳಿದಾಗ ಅವನು ರುಮಾಲು ಸರಿಮಾಡಿಕೊಳ್ಳುತ್ತ ಎದುರು ಬಂದ. ಮುಖದ ತುಂಬ ನಗು.

"ಬರ್ರಿ ಸಾಹೇಬ್ರ, ಬರ್ರಿ. ಜಾಗಾ ಖುಲ್ಲಾ ಮಾಡಿ ಇಟ್ಟೀನಿ ನೋಡ್ರಿ."

ತೋಟದ ನಡುವೆ ಎರಡು ಸಾಲು ಬಳ್ಳಿಗಳು ಇರಲಿಲ್ಲ. ಬುಡಕ್ಕೆ ಗರಗಸ ಹಾಕಿ ಕೊಯ್ದಿದ್ದ. ಕಲ್ಲಿನ ಕಂಬಗಳನ್ನು ಕಿತ್ತು ಬದುವಿಗೆ ಒರಗಿಸಿದ್ದ, ತಂತಿ ಸುತ್ತಿಟ್ಟಿದ್ದ. ಕೊಯ್ದ ಬಳ್ಳಿಗಳ ರಾಶಿಯಲ್ಲಿ ಕಡಲೆ ಗಾತ್ರದ ಕಾಯಿಗೊಂಚಲುಗಳು ಬಾಡಿ ಕರ್ರಗಾಗಿದ್ದವು. ಖಾಲಿಯಾದ ಆ ಜಾಗದ ಎರಡು ತುದಿಗೆ ನಮ್ಮ ಎರಡು ಕಲ್ಲು, ಸುಣ್ಣ ಬಳಿದುಕೊಂಡು ನಿಂತಿದ್ದವು.

"ನಿಮಗ ಕಡಿ ಅಂತ ಯಾರ ಹೇಳಿದ್ರು?" ಸಾಹೇಬರು ಕೇಳಿದರು.

"ಯಾರೂ ಹೇಳಿಲ್ರಿ. ಕಲ್ಲ ನೆಟ್ಟಾರ, ಕಾಲುವಿ ಇಲ್ಲೇ ಬರ್ತೈತಿ ಅಂದ್ರು. ಎಂಟ ವರ್ಷಾತ್ರಿ ನೀರ ಕೊಡ್ರಿ ಅಂತ ಅರ್ಜಿ ಬರಿಯಾಕತ್ತಿ. ಬಳ್ಳಿ ಅಡ್ಡ ಐತಿ ಅಂತ ಕೆಲಸ ತಡಾ ಆದೀತು ಅಂತ ನಾನ ಕೊಯ್ದೆ. ನಮ್ಮ ಆಕಿ ಬ್ಯಾಡ, ಒಂದ ಸಲಾ ಕೇಳ್ರಿ ಅಂದ್ಳು. ಕಂಪ್ಯೂಟರ್ ಕಾಗದಾ ಐತಿ, ಅದು ಸುಳ್ಳ ಹೇಳ್ತೈತೇನ ಹುಚ್ಚಿ ಅಂದೆ."

ರಾಮು ಮಟ್ಟದ ಯಂತ್ರ ನಿಲ್ಲಿಸಿ ಕಣ್ಣಿಟ್ಟ. ಎರಡು ಸಲ ನೋಡಿದ. "ಸಾಹೇಬ, ಈ ಕಡೆ ನೆಲಾ ಏರತೈತ್ರಿ. ನೀರ ಹತ್ತೂದಿಲ್ಲ" ಎಂದ.

ನಾನು ನಾಲ್ಕು ದಿನ ತಾಲೀಮು ಮಾಡಿದ ಕ್ಷಣ ಅದು. ಬಾಯಿ ತೆರೆಯಲಿಲ್ಲ. ಸುಮತಿ ಕಾಗದ ಬಿಡಿಸಿ ಆ ಸಾಲಿನ ಮೇಲೆ ಬೆರಳಿಟ್ಟಳು. ನಂತರ ಅವಳು ಸಾಹೇಬರ ಕಡೆ ತಿರುಗಲಿಲ್ಲ, ಭರಮಣ್ಣನ ಕಡೆ ತಿರುಗಿದಳು.

"ತಪ್ಪು ನಂದ್ರಿ ಕಾಕಾ. ಕಾಲುವಿ ಆ ಕಡೆ ಹೋಗಬೇಕಾಗಿತ್ತು. ಲೆಕ್ಕದಾಗ ನಾ ತಪ್ಪೀನಿ."

ಭರಮಣ್ಣ ಅವಳನ್ನು ನೋಡಿದ, ಸಾಹೇಬರನ್ನು ನೋಡಿದ, ಕೊನೆಗೆ ನನ್ನನ್ನು ನೋಡಿದ. "ಹಂಗಾದ್ರ ನೀರು ನಮ್ಮ ಕಡೆ ಬರೂದ ಇಲ್ಲೇನ್ರಿ?"

ಅವನ ಹೆಂಡತಿ ರಾಶಿಯ ಹತ್ತಿರ ಕೂತು, ಬಾಡಿದ ಒಂದು ಗೊಂಚಲನ್ನು ಕೈಯಲ್ಲಿ ಹಿಡಿದು ಸುಮ್ಮನೆ ನೋಡುತ್ತಿದ್ದಳು.

ಒಂದು ವಾರದಲ್ಲಿ ಸುಮತಿಯನ್ನು ಯಂತ್ರದಿಂದ ಬಿಡಿಸಿ ರಾಯಬಾಗಕ್ಕೆ ಹಾಕಿದರು. ಎರಡು ದಿನ ಕೇಳಿದ್ದೆ ಎಂದು ಅವಳು ಒಮ್ಮೆಯೂ ಹೇಳಲಿಲ್ಲ. ಸಾಹೇಬರೂ ತಾವು ಅವಸರ ಮಾಡಿದ್ದನ್ನು ಹೇಳಲಿಲ್ಲ. ನನ್ನನ್ನು ಕರೆದು, "ದುಂಡಪ್ಪ, ಇನ್ನ ನೀನ ಮಾಡ್ಪಾ. ಹಳೇದ ಚೊಲೊ" ಎಂದರು. ಕೋನದ ಕಾಲಂ ನನಗೆ ವಾಪಸು ಬಂತು. ಕಿಟಕಿಯ ಪಕ್ಕದ ಮೇಜೂ ಬಂತು.

ಆ ಮೇಜಿನಲ್ಲಿ ಕೂತ ಮೊದಲ ದಿನ, ಹೊಸ ಕೆಲಸದ ಮೊದಲ ಸಾಲಿನ ಅಂಚಿಗೆ ಕೆಂಪು ಪೆನ್ಸಿಲ್‌ನಿಂದ ಅಕ್ಷರ ಬರೆಯುತ್ತಿದ್ದೆ. ಕೈ ಅಲ್ಲೇ ನಿಂತಿತು. ಅಂದು, ಕಾಗವಾಡದ ಕಾಗದದ ಮೇಲೆ ಕಣ್ಣಾಡಿಸುವಾಗಲೂ ನನ್ನ ಕೈಯಲ್ಲಿ ಈ ಪೆನ್ಸಿಲ್ ಇತ್ತು. ಹತ್ತು ಹನ್ನೆರಡು ವರ್ಷದ ಅಭ್ಯಾಸ, ಎರಡು ಮೈನಸ್ ಕಂಡರೆ ಕೈ ತಾನೇ ಬರೆಯುತ್ತದೆ. ಆ ಸಾಲಿನ ಅಂಚಿಗೆ ನಾನು ದ ಪ ಎಂದು ಬರೆದಿದ್ದೆ. ಕಾಗದ ಹೊಲಕ್ಕೆ ಹೋಗುವ ಮೊದಲೇ ನಾನು ತಪ್ಪು ಕಂಡಿದ್ದೆ ಎಂಬುದಕ್ಕೆ ನನ್ನ ಕೈಯೇ ಸಾಕ್ಷಿ ಬರೆದು ಕಡತಕ್ಕೆ ಹೊಲಿದಿತ್ತು.

ಓಡಿ ಹೋಗಿ ಕಡತ ತೆಗೆದೆ. ಆ ಹಾಳೆ ಇರಲಿಲ್ಲ. ಹೊಲಿಗೆ ಬಿಚ್ಚಿ, ಹಾಳೆ ತೆಗೆದು, ಮತ್ತೆ ನೀಟಾಗಿ ಹೊಲಿದಿದ್ದರು.

ಸುಮಾರು ಮೂರು ವರ್ಷ ಆ ಹಾಳೆ ಯಾವಾಗ ಯಾರ ಮೇಜಿನ ಮೇಲೆ ಬೀಳುತ್ತದೆಯೋ ಎಂದು ಕಾದೆ. ಸಾಹೇಬರು ಕರೆದಾಗಲೆಲ್ಲ ಇಂದು ಮುಗಿಯಿತು ಎಂದುಕೊಂಡು ಹೋಗುತ್ತಿದ್ದೆ. ಅಷ್ಟರಲ್ಲಿ ಬೇರೆಯವರು ಯಂತ್ರ ಕಲಿತು ಕಾಲಂ ಮತ್ತೆ ನನ್ನ ಕೈಯಿಂದ ಹೋಯಿತು. ಆ ಬಾರಿ ಅದು ಹೋದದ್ದು ನನಗೆ ಗೊತ್ತೇ ಆಗಲಿಲ್ಲ.

ಕೆಲಸದ ಮೇಲೆ ರಾಯಬಾಗಕ್ಕೆ ಹೋಗಬೇಕಾಗಿ ಬಂತು. ಅಷ್ಟರಲ್ಲಿ ಸುಮತಿ ಅಲ್ಲಿಯ ಲೆಕ್ಕದ ವಿಭಾಗಕ್ಕೆ ಮುಖ್ಯಸ್ಥೆಯಾಗಿದ್ದಳು. ಬಾಗಿಲಲ್ಲಿ ನಿಂತಾಗ ಕಂಡದ್ದನ್ನು ನಂಬಲಾಗಲಿಲ್ಲ. ಯಂತ್ರಗಳ ಮುಂದೆ ಕೂತ ಮೂವರಲ್ಲಿ ಒಬ್ಬ ಎದ್ದು, ಕೈಯಲ್ಲಿ ಪ್ರಿಂಟು ಹಿಡಿದು, ಮೆಲ್ಲಗೆ ಮೈ ತಿರುಗಿಸಿ ಗೋಡೆಯ ಕಡೆ ಮುಖ ಮಾಡಿ ನಿಂತ. ಸುಮತಿ ಕೂತಲ್ಲಿಂದಲೇ, "ಮಾರಿ ಯಾ ಕಡೆ ಆತು?" ಎಂದಳು.

ನನ್ನನ್ನು ಕಂಡು ಎದ್ದು ಮರಾಠಿಯಲ್ಲೇ ಬರಮಾಡಿಕೊಂಡಳು. "ಯಾ, ಯಾ ದುಂಡಪ್ಪಣ್ಣ, ಬರ್ರಿ. ಇದು ನಿಮ್ಮ ಪಾಠಾನ. ಚಿಕ್ಕೋಡ್ಯಾಗ ನೀವು ತಿರುಗೂದು ನೋಡಿ ಒಳಗೊಳಗ ನಗತಿದ್ದೆ. ಈಗ ಹೊಸಬರಿಗೆ ಇದ ಮೊದಲನೇ ಪಾಠ. ಪ್ರೋಗ್ರಾಂದಾಗ ನಾಕೂ ದಿಕ್ಕು ಬರದೀನಿ, ಆದರೂ ತಿರಗಸತೀನಿ."

ಕುರ್ಚಿ ಎಳೆದುಕೊಂಡು ಕೂತೆ. ಮೇಜಿನ ಗಾಜಿನ ಕೆಳಗೆ ಕಣ್ಣು ಹೋಯಿತು. ಬೆರಳಗಲದ ಒಂದು ಕಾಗದದ ಪಟ್ಟಿ. ಮೈನಸ್ ನಲವತ್ತೆಂಟು, ಮೈನಸ್ ಎಂಬತ್ತು, ಮೂವತ್ತು ಐವತ್ತೆಂಟು. ಅಂಚಿಗೆ ನನ್ನ ಕೆಂಪು ಅಕ್ಷರ, ದ ಪ.

ಚಹಾ ಬಂತು. ಅದನ್ನು ಬದಿಗಿಟ್ಟೆ. "ಯಾವಾಗ ಸಿಕ್ತು?" ಎಂದೆ.

"ಕಾಗವಾಡದಿಂದ ಬಂದ ದಿನಾನ. ಫೈಲ್ ತಗದೆ, ಕಾಣಿಸ್ತು."

"ಸಾಹೇಬರಿಗೆ ಯಾಕ ತೋರಸಲಿಲ್ಲ?"

ಅವಳು ಸೆರಗಿನಿಂದ ಗಾಜು ಒರೆಸಿದಳು. "ತೋರಿಸಿದ್ರ ನನ್ನ ಪ್ರೋಗ್ರಾಂ ಸರಿ ಆಗ್ತಿತ್ತೇನ್ರಿ? ನನ್ನ ತಪ್ಪು ನನ್ನದ. ಸಿಟ್ಟು ಬಂದಿತ್ತು, ಭಾಳ ಬಂದಿತ್ತು. ನಿಮ್ಮ ಮನಿಗೆ ಬಂದು ಬೈಯಬೇಕು ಅಂದಿದ್ದೆ. ಆಮ್ಯಾಲ ಭರಮಾಕಾಕಾನ ಕಡೆ ಹೋದೆ." ನನ್ನ ಮುಖ ನೋಡಿ ಮುಂದುವರಿಸಿದಳು. "ಬುಡಾ ಸತ್ತಿರಲಿಲ್ಲ. ಬ್ಯಾರೆ ಕಡೆಯಿಂದ ಕಡ್ಡಿ ತಂದು ಕಸಿ ಕಟ್ಟಿದ್ವಿ. ವರ್ಷಾ ವರ್ಷಾ ಹೋಗ್ತೀನಿ. ಎರಡೂ ಸಾಲು ಮತ್ತ ತುಂಬ್ಯಾವ. ನೀವು ಹೋಗಿಲ್ಲೇನು?"

ನಾನು ಹೋಗಿರಲಿಲ್ಲ. ಮೂರು ವರ್ಷದಲ್ಲಿ ಅದು ನನಗೆ ಹೊಳೆದೂ ಇರಲಿಲ್ಲ. ನಾನು ಹುಡುಕಿದ್ದು ಹಾಳೆಯನ್ನು ಮಾತ್ರ. ಅಲ್ಲಿ ಕೂತಲ್ಲೇ ನನಗೆ ಹುಸೇನಸಾಬರ ಸೈಕಲ್ಲು ನೆನಪಾಯಿತು. ಅವರ ಹತ್ತಿರ ಏಳು ವರ್ಷ ಕಲಿತವನು ನಾನು, ಅವರನ್ನು ಒಂದು ದಿನವೂ ನೋಡದವಳು ಅವಳು. ಆದರೂ ಅವರ ಪಾಠ ಹೋಗಿ ಸೇರಿದ್ದು ಅವಳನ್ನು. ಕ್ಯಾಲ್ಕುಲೇಟರಿಗೆ, ಕಿಟಕಿಗೆ, ಬೆಳಗಾವಿಯ ತರಬೇತಿಗೆ ಪಟ್ಟ ಹೊಟ್ಟೆಕಿಚ್ಚೆಲ್ಲ ಇದರ ಮುಂದೆ ಏನೂ ಅಲ್ಲ. ಅವಳ ಒಳ್ಳೆಯತನಕ್ಕೆ ನಾನು ಅಸೂಯೆಪಟ್ಟೆ. ಇಂದಿಗೂ ಪಡುತ್ತೇನೆ, ಅದು ಆರುವ ಉರಿಯಲ್ಲ.

ಮುಂದಿನ ಭಾನುವಾರ ಕಾಗವಾಡದ ಬಸ್ಸು ಹತ್ತಿದೆ. ಸುಗ್ಗಿಯ ಕಾಲ. ಭರಮಣ್ಣನ ತೋಟದಲ್ಲಿ ಆ ಎರಡು ಸಾಲು ಉಳಿದವಕ್ಕಿಂತ ತೆಳ್ಳಗಿದ್ದರೂ ಗೊಂಚಲು ಬಿಟ್ಟಿದ್ದವು. ಕಾಲುವೆಯ ನೀರು ಆಚೆ ಬದಿಯಲ್ಲಿ, ಬೇರೆಯವರ ಹೊಲಕ್ಕೆ ಹರಿಯುತ್ತಿತ್ತು. ಅವನು ಬಾವಿಯಿಂದಲೇ ತೋಟ ಉಳಿಸಿಕೊಂಡಿದ್ದ. ಅವನಿಗೆ ನನ್ನ ಗುರುತು ಸಿಗಲಿಲ್ಲ. ಸರ್ವೆ ಕಚೇರಿಯವನು ಎಂದೆ.

"ಸುಮತಿಬಾಯಾರ ಕಚೇರಿಯವ್ರೇನ್ರಿ? ಹಂಗಾರ ಮನಿಯವ್ರ ಆದ್ರಿ, ಕೂಡ್ರಿ, ಕೂಡ್ರಿ. ಯಾಕ ಬಂದ್ರಿ ಇಷ್ಟ ದೂರ?"

ಹೇಳಲೆಂದೇ ಹೋಗಿದ್ದೆ. "ಸುಮ್ಮನ, ತೋಟಾ ನೋಡಿ ಹೋಗೂಣಂತ" ಎಂದೆ. ಅವನು ಆ ಎರಡು ಸಾಲಿನಿಂದಲೇ ಒಂದು ಗೊಂಚಲು ಕೊಯ್ದು ಕೈಗಿಟ್ಟ. ಅವನೆದುರೇ ಕೂತು ತಿಂದೆ, ಹಣ್ಣು ಸಿಹಿಯಾಗಿದ್ದವು. ಅವನ ಹೆಂಡತಿ ಮನೆಯವರಿಗೆಂದು ಇನ್ನೊಂದಿಷ್ಟು ಕಟ್ಟಿಕೊಟ್ಟಳು, ಅದನ್ನೂ ತೆಗೆದುಕೊಂಡು ಸಂಜೆಯ ಬಸ್ಸಿಗೆ ಬಂದುಬಿಟ್ಟೆ.

ಹೊಸಬರೇ, ಸಾಗರ ಹೇಳಿಕೊಟ್ಟ ಫಂಕ್ಷನ್ ಬಳಸಿ. ಎರಡೂ ಕಾಲಂ ಬೇರೆ ಬೇರೆ ಕೊಡಿ, ಪೂರ್ವ ಮೊದಲು. ಪಕ್ಕದವರ ಪರದೆಯಲ್ಲಿ ತಪ್ಪು ಕಂಡರೆ ಆಗಲೇ ಎದ್ದು ಹೋಗಿ ಹೇಳಿ, ಅವರು ನಿಮ್ಮನ್ನು ಮೀರಿಸಿದವರಾಗಿದ್ದರೆ ಇನ್ನೂ ಬೇಗ ಎದ್ದು ಹೋಗಿ.

ಭರಮಣ್ಣ, ಇದನ್ನು ನಿಮಗೆ ಯಾರಾದರೂ ಓದಿ ಹೇಳಲಿ. ಆ ಕಾಗದ ತಪ್ಪೆಂದು ನೀವು ಬಳ್ಳಿ ಕೊಯ್ಯುವ ಮೊದಲೇ ನನಗೆ ಗೊತ್ತಿತ್ತು.